ಔಷಧಿ ಕಳಿಸಬೇಡ ಅಕ್ಕ, ಇಲ್ಲಿ ಸಿಗುತ್ತಿದೆ

ಸ್ಯಾನ್ ಆಂಟೋನಿಯೊ, ಟೆಕ್ಸಾಸ್

ಪ್ರೀತಿಯ ಅಕ್ಕನಿಗೆ,

ನಿನ್ನ ಮೆಸೇಜ್ ಓದಿದೆ. ಇಲ್ಲಿನ ಇನ್ಹೇಲರ್ ಬೆಲೆ ಕೇಳಿ ಗಾಬರಿಯಾಗಿ, ಯಾರಾದರೂ ಬರುವವರ ಕೈಯಲ್ಲಿ ವರ್ಷಕ್ಕಾಗುವಷ್ಟು ಕೊಟ್ಟು ಕಳಿಸ್ತೀನಿ ಅಂದಿದ್ದೀಯ. ಬೇಡ ಅಕ್ಕ. ಅಸ್ತಮಾ ಔಷಧಿಗೆ ನಾನೀಗ ಒಂದು ಡಾಲರ್ ಕೂಡ ಕೊಡುತ್ತಿಲ್ಲ. ಫೋನಿನಲ್ಲಿ ಅರ್ಧಂಬರ್ಧ ಹೇಳಿದ್ದು ನಿನಗೆ ಸಮಾಧಾನ ಆಗಿಲ್ಲ ಅಂತ ಗೊತ್ತಾಯಿತು, ಅದಕ್ಕೇ ಕೂತು ಬರೆಯುತ್ತಿದ್ದೇನೆ. ಇನ್ನೊಂದು ಕಾರಣವೂ ಇದೆ, ಚಿಕ್ಕಪ್ಪನ ಮಗನ ವಿಷಯ. ಅದನ್ನು ಆಮೇಲೆ ಹೇಳ್ತೀನಿ.

ಕೆಲಸ ಹೋದಾಗ ಕಂಪನಿ ಕೊಟ್ಟಿದ್ದ ಇನ್ಶೂರೆನ್ಸ್ ಕೂಡ ಹೋಯಿತು. ಇಲ್ಲಿ ತುಂಬಾ ಜನರದ್ದು ಇದೇ ಕಥೆ. ಆದರೆ ಅಸ್ತಮಾ ಕೇಳಬೇಕಲ್ಲ? ಬೆಳಿಗ್ಗೆ ಒಂದು ಸಲ, ರಾತ್ರಿ ಒಂದು ಸಲ ಔಷಧಿ ಬೇಕೇ ಬೇಕು. ಆಗ ಕೈ ಹಿಡಿದದ್ದು ಇಲ್ಲಿನ, ಅಂದರೆ ಅಮೆರಿಕದ, ಆರ್ಮಿಯಲ್ಲಿ ನಾನು ಕಳೆದ ವರ್ಷಗಳು. ಮಾಜಿ ಸೈನಿಕರಿಗಾಗಿ ಇಲ್ಲಿ ವೆಟರನ್ಸ್ ಅಫೇರ್ಸ್ ಅಂತ ಒಂದು ಸರ್ಕಾರಿ ಇಲಾಖೆ ಇದೆ, ನಾವೆಲ್ಲ ವಿಎ ಅಂತೀವಿ. ಅದಕ್ಕೆ ಅದರದ್ದೇ ಆಸ್ಪತ್ರೆಗಳು, ಅದರದ್ದೇ ಡಾಕ್ಟರು, ಅದರದ್ದೇ ಫಾರ್ಮಸಿ. ತಿಂಗಳು ತಿಂಗಳು ಕಂತು ಕಟ್ಟಬೇಕಾಗಿಲ್ಲ. ಆದರೆ ಯೂನಿಫಾರ್ಮ್ ಬಿಚ್ಚಿಟ್ಟ ಕೂಡಲೇ ತಾನಾಗಿ ಸಿಗುವುದೂ ಇಲ್ಲ. 10-10ಇಝಡ್ ಅನ್ನುವ ಅರ್ಜಿ ಹಾಕಬೇಕು. ಸೇವೆ, ಕಾಯಿಲೆ, ಆದಾಯ ಎಲ್ಲ ನೋಡಿ ಆದ್ಯತೆಯ 8 ಗುಂಪುಗಳಲ್ಲಿ ಒಂದಕ್ಕೆ ಸೇರಿಸುತ್ತಾರೆ.

ಇದರಲ್ಲಿ ಮುಖ್ಯವಾದ ಪ್ರಶ್ನೆ ಒಂದೇ. ನಿನ್ನ ಕಾಯಿಲೆ ಸೇವೆಯಿಂದ ಬಂದದ್ದಾ, ಅಲ್ಲವಾ? ಹೌದು ಅಂತಾದರೆ ಆ ಕಾಯಿಲೆಯ ಔಷಧಿಗೆ ದುಡ್ಡಿಲ್ಲ.

ಅಫ್ಘಾನಿಸ್ತಾನದ ಬಗ್ರಾಮ್‌ನಲ್ಲಿದ್ದಾಗ ಕ್ಯಾಂಪಿನ ಕಸವನ್ನೆಲ್ಲ ದೊಡ್ಡ ಗುಂಡಿಗೆ ಹಾಕಿ ಸುಡುತ್ತಿದ್ದರು. ಪ್ಲಾಸ್ಟಿಕ್, ಬ್ಯಾಟರಿ, ಟೈರು, ಆಸ್ಪತ್ರೆಯ ಕಸ, ಎಲ್ಲ ಒಟ್ಟಿಗೆ, ಮೇಲೆ ವಿಮಾನದ ಇಂಧನ ಸುರಿದು ಬೆಂಕಿ. ಗಾಳಿ ನಮ್ಮ ಕಡೆ ತಿರುಗಿದರೆ ಹೊದಿಕೆಗೂ ಆ ವಾಸನೆ ಹಿಡಿದುಬಿಡುತ್ತಿತ್ತು, ಗಂಟಲು ಉರಿಯುತ್ತಿತ್ತು. ಅಮ್ಮನಿಗೆ ಇದನ್ನು ಆಗ ಹೇಳಿರಲಿಲ್ಲ, ನೀನೂ ಈಗ ಹೇಳಬೇಡ. ವಾಪಸ್ ಬಂದ ಮೇಲೆ ಶುರುವಾದ ಕೆಮ್ಮೇ ಕೊನೆಗೆ ಅಸ್ತಮಾ ಅಂತ ಗೊತ್ತಾದದ್ದು. ಆದರೆ ಆ ಹೊಗೆಯಿಂದಲೇ ಈ ಕಾಯಿಲೆ ಬಂತು ಅಂತ ನಾವೇ ಸಾಬೀತು ಮಾಡಬೇಕಿತ್ತು. ಹೇಗೆ ಮಾಡೋದು ಹೇಳು? ಯಾವ ದಿನ ಎಷ್ಟು ಹೊಗೆ ಕುಡಿದೆ ಅಂತ ಯಾರ ಹತ್ತಿರ ದಾಖಲೆ ಇರುತ್ತೆ? ಎಷ್ಟೋ ಜನ ಅದರಲ್ಲೇ ಸೋತು ಕೈಬಿಟ್ಟರು, ಅದನ್ನು ನೆನೆದರೆ ಈಗಲೂ ಸಂಕಟ ಆಗುತ್ತೆ.

2022ರ ಆಗಸ್ಟ್ 10ರಂದು ಅಧ್ಯಕ್ಷ ಬೈಡನ್ ಸಹಿ ಹಾಕಿದ ಪ್ಯಾಕ್ಟ್ ಕಾಯ್ದೆ ಇದನ್ನು ಬದಲಾಯಿಸಿತು. 2001ರ ಸೆಪ್ಟೆಂಬರ್ 11ರ ನಂತರ ಅಫ್ಘಾನಿಸ್ತಾನದಲ್ಲಿ ಇದ್ದವರಿಗೆ, ಸೇವೆಯ ನಂತರ ಅಸ್ತಮಾ ಕಾಣಿಸಿಕೊಂಡರೆ, ಅದು ಅಲ್ಲಿಂದಲೇ ಬಂದದ್ದು ಅಂತ ಕಾನೂನೇ ಒಪ್ಪಿಕೊಳ್ಳುತ್ತದೆ. ಅಲ್ಲಿದ್ದೆ ಅನ್ನುವುದಕ್ಕೆ ದಾಖಲೆ, ಕಾಯಿಲೆ ಇದೆ ಅನ್ನುವುದಕ್ಕೆ ಡಾಕ್ಟರ ವರದಿ, ಇಷ್ಟು ಸಾಕು. ಮೊದಲು ಅರ್ಜಿ ಹಾಕುವ ಉದ್ದೇಶ ಇದೆ ಅಂತ ತಿಳಿಸಿಟ್ಟೆ, ಹಾಗೆ ಮಾಡಿದರೆ ದಾಖಲೆ ಕೂಡಿಸೋಕೆ ಒಂದು ವರ್ಷ ಸಮಯ ಇರುತ್ತೆ, ಮಂಜೂರಾದರೆ ಪರಿಹಾರದ ಹಣ ಸಾಮಾನ್ಯವಾಗಿ ಆ ಮೊದಲ ತಾರೀಖಿನಿಂದಲೇ ಲೆಕ್ಕ. ಆಮೇಲೆ ಉಸಿರಾಟದ ಪರೀಕ್ಷೆ ಮಾಡಿದರು, ಕೊಳವೆಗೆ ಜೋರಾಗಿ ಊದಿ, ಇನ್ನೂ ಊದಿ, ಇನ್ನೂ ಅಂತ. ಕೊನೆಗೆ, ಸೇವೆಯಿಂದ ಬಂದ ಅಂಗವೈಕಲ್ಯ ಇಷ್ಟು ಅಂತ ಅಳೆದು 30 ಪರ್ಸೆಂಟ್ ಕೊಟ್ಟರು.

ಬಿಪಿ ಮಾತ್ರೆ ಬೇರೆ ಲೆಕ್ಕ. ಅದನ್ನು ಸೇವೆಗೆ ಜೋಡಿಸಿಲ್ಲ, ಹಾಗಾಗಿ ದುಡ್ಡು ಕೊಡಬೇಕು. 30 ದಿನದ ಔಷಧಿಗೆ ಅಗ್ಗದ ಜೆನೆರಿಕ್ ಆದರೆ 5 ಡಾಲರ್, ಅದರ ಮೇಲಿನದ್ದು 8, ಬ್ರ್ಯಾಂಡ್ ಔಷಧಿ 11. ನನ್ನದು 5ರದ್ದು. ವರ್ಷಕ್ಕೆ 700 ಡಾಲರ್ ಮುಟ್ಟಿದರೆ ಆಮೇಲೆ ಆ ವರ್ಷ ಪೂರ್ತಿ ಏನೂ ಇಲ್ಲ. 50 ಪರ್ಸೆಂಟ್ ಅಥವಾ ಅದಕ್ಕಿಂತ ಜಾಸ್ತಿ ಇದ್ದವರಿಗೆ ಯಾವ ಔಷಧಿಗೂ ದುಡ್ಡಿಲ್ಲ.

ಔಷಧಿ ಅಂಚೆಯಲ್ಲೇ ಮನೆಗೆ ಬರುತ್ತೆ. ಡಬ್ಬಿಯ ಚೀಟಿ ಮೇಲೆ ನನ್ನ ಹೆಸರು, ಔಷಧಿಯ ನಂಬರು, ಇನ್ನೆಷ್ಟು ಸಲ ತರಿಸಬಹುದು ಅನ್ನೋದು ಎಲ್ಲ ಇರುತ್ತೆ. ಮುಗಿಯೋಕೆ 10 ದಿನ ಮುಂಚೆಯಾದರೂ ಹೇಳಿಬಿಡಬೇಕು, ನಾನು ಇನ್ನೂ ಬೇಗ ಹೇಳ್ತೀನಿ. ಒಂದು ತೊಡಕು ಅಂದರೆ ಹೊರಗಿನ ಡಾಕ್ಟರ ಚೀಟಿ ಸಾಮಾನ್ಯವಾಗಿ ಇಲ್ಲಿ ನಡೆಯಲ್ಲ, ವಿಎ ಡಾಕ್ಟರೇ ನೋಡಿ ಹೊಸದಾಗಿ ಬರೆಯಬೇಕು. ಇನ್ನೊಂದು, ಅವರ ಔಷಧಿ ಪಟ್ಟಿ. ನನಗೆ ಅಭ್ಯಾಸವಾಗಿದ್ದ ಸ್ಪ್ರೇ ಇನ್ಹೇಲರ್ ಪಟ್ಟಿಯಲ್ಲಿ ಇರಲಿಲ್ಲ, ಪುಡಿಯದ್ದು ಕೊಟ್ಟರು. ಅಪ್ಪನ ರೋಟಾಹೇಲರ್ ನೆನಪಿದೆಯಲ್ಲ, ಅದೇ ತರಹ ಜೋರಾಗಿ ಎಳೆದುಕೊಳ್ಳಬೇಕು. ಉಸಿರೇ ಇಲ್ಲದ ದಿನ ಎಳೆಯೋದು ಹೇಗೆ? ಡಾಕ್ಟರಿಗೆ ಹಾಗೇ ಹೇಳಿದೆ. ಅವರು ಕಾರಣ ಬರೆದು ಪಟ್ಟಿಯ ಹೊರಗಿನದಕ್ಕೆ ವಿಶೇಷ ಮನವಿ ಕಳಿಸಿದರು, ಹಳೆಯದೇ ಸಿಕ್ಕಿತು. ಸುಮ್ನೆ ಕೊಟ್ಟದ್ದು ತಗೊಂಡು ಬಂದಿದ್ದರೆ ಸಿಗುತ್ತಿರಲಿಲ್ಲ.

ವಯಸ್ಸಾದ ಮೇಲೆ ಏನು ಅಂತ ಭಾವ ಕೇಳಿದ್ದರು. 65ಕ್ಕೆ ಮೆಡಿಕೇರ್ ಅಂತ ವಯಸ್ಸಾದವರಿಗೆ ಸರ್ಕಾರದ ಆರೋಗ್ಯ ವಿಮೆ ಬರುತ್ತೆ. ಅದರ ಔಷಧಿ ಭಾಗವನ್ನು ತಡವಾಗಿ ತಗೊಂಡರೆ ದಂಡ ಇರುತ್ತೆ, ಆದರೆ ವಿಎ ಇರುವಷ್ಟು ದಿನ ಆ ದಂಡದ ಭಯ ಇಲ್ಲ ಅಂತ ಹೇಳು.

ಈಗ ಚಿಕ್ಕಪ್ಪನ ಮಗನ ವಿಷಯ. ಅವನೂ ಇಲ್ಲಿನ ಆರ್ಮಿಯಲ್ಲಿ ಸೇರಿ ಕುವೈತ್‌ನಲ್ಲಿ ಇದ್ದು ಬಂದವನು, ಅಲ್ವಾ? ಶುಗರ್ ಇದೆ, ಇನ್ಸುಲಿನ್ ಕೈಯಿಂದ ದುಡ್ಡು ಹಾಕಿ ಕೊಂಡುಕೊಳ್ಳುತ್ತಿದ್ದಾನೆ, ಕೆಲವು ಸಲ ಉಳಿಸೋಕೆ ಅಂತ ಡೋಸ್ ಕಮ್ಮಿ ಮಾಡ್ತಾನಂತೆ. ಇದು ಕೇಳಿ ನನಗೆ ನಿದ್ದೆ ಬರಲಿಲ್ಲ. ವಿಎ ಇರೋದು ಕೈಕಾಲು ಕಳೆದುಕೊಂಡವರಿಗೆ, ನಾನು ಹೋದರೆ ಅವರ ಪಾಲು ಕಿತ್ತುಕೊಂಡ ಹಾಗೆ ಅಂತಾನೆ. ಹಾಗೇನೂ ಇಲ್ಲ. ಇವನು ಸೇರಿದ ಮಾತ್ರಕ್ಕೆ ಯಾರ ಪಾಲೂ ಕಮ್ಮಿಯಾಗಲ್ಲ. 2024ರ ಮಾರ್ಚ್ 5ರಿಂದ, ಹೊಗೆ, ವಿಷದ ಗಾಳಿಯಲ್ಲಿ ಕೆಲಸ ಮಾಡಿದವರು ಕಾಯಿಲೆ ಸಾಬೀತು ಮಾಡದೇ ನೇರವಾಗಿ ಸೇರಬಹುದು. ಶುಗರ್ ಸೇವೆಯಿಂದ ಬಂದದ್ದು ಅಂತ ಒಪ್ಪದೇ ಹೋದರೂ ಒಂದು ಔಷಧಿಗೆ ತಿಂಗಳಿಗೆ 11 ಡಾಲರ್‌ಗಿಂತ ಜಾಸ್ತಿ ಕೇಳಲ್ಲ. ಅಮೆರಿಕನ್ ಲೀಜನ್‌ನಂಥ ಮಾಜಿ ಸೈನಿಕರ ಸಂಘಗಳವರು ಬಿಟ್ಟಿಯಾಗಿ ಅರ್ಜಿ ತುಂಬಿಸಿಕೊಡ್ತಾರೆ.

ನಾನು ಹೇಳಿದರೆ ಹೂಂ ಅಂತಾನೆ, ಅಷ್ಟೇ. ನಿನ್ನ ಮಾತು ತೆಗೆದುಹಾಕಲ್ಲ. ಚಿಕ್ಕಮ್ಮನಿಗೂ ಹೇಳಿ ಅವರಿಂದಲೂ ಹೇಳಿಸು. ಡೋಸ್ ಕಮ್ಮಿ ಮಾಡೋದನ್ನು ಮೊದಲು ನಿಲ್ಲಿಸಲಿ. ಆರ್ಮಿಯಿಂದ ಬಿಡುಗಡೆ ಆದಾಗ ಕೊಟ್ಟ ಡಿಡಿ-214 ಕಾಗದ ಹುಡುಕಿಟ್ಟುಕೊಂಡು ಈ ಭಾನುವಾರ ನನಗೆ ಫೋನ್ ಮಾಡಲಿ, ಅರ್ಜಿ ಇಬ್ಬರೂ ಕೂತು ತುಂಬುತ್ತೇವೆ.

ಭಾವನಿಗೆ ನಮಸ್ಕಾರ ಹೇಳು.

ನಿನ್ನ ತಮ್ಮ