ನಾಡಿಯನ್ನು ಪೂರ್ತಿ ಒಂದು ನಿಮಿಷ ಎಣಿಸು

ಗೆಳೆಯಾ,

ರಾತ್ರಿ ಎಡಮಗ್ಗುಲಿಗೆ ಮಲಗಿದರೆ ಎದೆ ಒಂದು ಬಡಿತ ತಪ್ಪಿ ಆಮೇಲೆ ಧಡಕ್ಕನೆ ಹೊಡೆಯುತ್ತೆ ಅಂತ ಬರೆದಿದ್ದೀಯ. ಅಪ್ಪಾಜಿಗೂ ನಾಡಿ ಏರುಪೇರು ಅಂತ ಮಂಡ್ಯದ ಡಾಕ್ಟರು ಹೇಳಿದ ಮೇಲೆ ಎರಡೂ ಒಂದೇ ಕಾಯಿಲೆ ಅಂದುಕೊಂಡು ಹೆದರಿದ್ದೀಯ. ಬೇರೆ ಬೇರೆ ಇರಬಹುದು ಕಣೋ. ಬೆರಳಲ್ಲೇ ಅಷ್ಟಿಷ್ಟು ಗೊತ್ತಾಗುತ್ತೆ.

ಐದು ನಿಮಿಷ ಸುಮ್ಮನೆ ಕೂತು, ಮಣಿಕಟ್ಟಿನಲ್ಲಿ ಹೆಬ್ಬೆರಳಿನ ಕಡೆಗೆ ಎರಡು ಬೆರಳು ಮೆತ್ತಗೆ ಇಡು. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಬೇಡ, ತಾಳ ತಪ್ಪಿದ ನಾಡಿಗೆ ಆ ಲೆಕ್ಕ ಸುಳ್ಳಾಗುತ್ತೆ. ಪೂರ್ತಿ 60 ಸೆಕೆಂಡ್ ಎಣಿಸು. 60ರಿಂದ 100 ಇದ್ದರೆ ಸರಿ.

ತಾಳ ಸರಿಯಾಗಿದ್ದು ಆಗೊಮ್ಮೆ ಈಗೊಮ್ಮೆ ಒಂದು ಬಿಟ್ಟುಹೋದರೆ, ಅದು ನಿನ್ನ ಥರದ್ದು. ನಿಜಕ್ಕೂ ಬಡಿತ ತಪ್ಪಿರಲ್ಲ, ಬೇಗ ಬಂದುಬಿಟ್ಟಿರುತ್ತೆ. ಹೃದಯ ತುಂಬುವ ಮೊದಲೇ ಹಿಂಡಿದ್ದರಿಂದ ಆ ಬಡಿತ ಮಣಿಕಟ್ಟಿನವರೆಗೆ ಮುಟ್ಟಲ್ಲ. ಆಮೇಲಿನ ಬಿಡುವಿನಲ್ಲಿ ಹೆಚ್ಚು ರಕ್ತ ತುಂಬಿ ಮುಂದಿನದು ಜೋರಾಗಿ ಹೊಡೆಯುತ್ತೆ. ನಿದ್ದೆಗೆಟ್ಟರೆ, ಜ್ವರ ಬಂದರೆ, ಪೊಟ್ಯಾಸಿಯಂ ಇಳಿದರೆ ಹೆಚ್ಚಾಗುತ್ತೆ, ಕೆಲವರಿಗೆ ಕಾಫಿಯಿಂದಲೂ. ಹೃದಯ ಗಟ್ಟಿಯಿದ್ದವರಿಗೆ ಸಾಮಾನ್ಯವಾಗಿ ಅಪಾಯವಿಲ್ಲ. ಆದರೂ ಒಂದು ಇಸಿಜಿ ಮಾಡಿಸು.

ಅಪ್ಪಾಜಿಯ ನಾಡಿಯಲ್ಲಿ ಎರಡು ಬಡಿತದ ನಡುವಿನ ಅಂತರ ಒಂದೊಂದು ಸಲ ಒಂದೊಂದು ಥರ, ತಾಳವೇ ಸಿಗದಂತಿದ್ದರೆ, ಏಟ್ರಿಯಲ್ ಫಿಬ್ರಿಲೇಷನ್ ಇರಬಹುದು. ಇಸಿಜಿಯಲ್ಲೇ ಖಾತ್ರಿಯಾಗಬೇಕು. ಇದರಲ್ಲಿ ಹೃದಯದ ಮೇಲಿನ ಕೋಣೆಗಳು ಹಿಂಡುವ ಬದಲು ಅದುರುತ್ತಿರುತ್ತವೆ. ಎಡಗಡೆಯ ಕೋಣೆಗೆ ಅಂಟಿದ ಸಣ್ಣ ಚೀಲದಲ್ಲಿ ರಕ್ತ ನಿಂತು ಹೆಪ್ಪುಗಟ್ಟಿ ಮಿದುಳಿಗೆ ಹೋದರೆ ಪಾರ್ಶ್ವವಾಯು. ಆ ಅಪಾಯ ಸುಮಾರು ಐದು ಪಟ್ಟು ಹೆಚ್ಚು, ಎದೆಯಲ್ಲಿ ಏನೂ ಅನ್ನಿಸದಿದ್ದರೂ. ಥೈರಾಯ್ಡ್ ಪರೀಕ್ಷೆ, ಕವಾಟ ನೋಡುವ ಎಕೋ ಎರಡನ್ನೂ ಬಿಡಬೇಡ.

ರಕ್ತ ತೆಳುವಾಗಿಸುವ ಮಾತ್ರೆ ಕೊಟ್ಟರೆ ಅದರ ಬದಲು ಆಸ್ಪಿರಿನ್ ಸಾಲದು. ಆ ಮಾತ್ರೆ ವಾರ್ಫರಿನ್ ಆದರೆ ಐಎನ್‌ಆರ್, ಅಂದರೆ ರಕ್ತ ಹೆಪ್ಪುಗಟ್ಟೋಕೆ ಎಷ್ಟು ಹೊತ್ತು ಹಿಡಿಯುತ್ತೆ ಅಂತ ತೋರಿಸುವ ರಕ್ತಪರೀಕ್ಷೆಯ ಅಂಕಿ, ಸಾಮಾನ್ಯವಾಗಿ 2ರಿಂದ 3ರೊಳಗೆ ಇರಬೇಕು. ನಿಮ್ಮ ಮನೆಯಲ್ಲಿ ಎಡವಟ್ಟಾಗುವುದು ಬಸ್ಸಾರಿನಲ್ಲಿ. ಒಂದು ವಾರ ದಿನಾ ದಂಟಿನ ಸೊಪ್ಪಿನ ಪಲ್ಯ, ಮುಂದಿನ ವಾರ ಸೊಪ್ಪೇ ಇಲ್ಲ ಅಂದರೆ, ಸೊಪ್ಪಿನ ವಿಟಮಿನ್ ಕೆಯಿಂದ ಮೊದಲು ಐಎನ್‌ಆರ್ ಇಳಿದು ಹೆಪ್ಪುಗಟ್ಟುವ ಭಯ, ಆಮೇಲೆ ಏರಿ ರಕ್ತ ಸೋರುವ ಭಯ. ಸೊಪ್ಪು ಬಿಡಿಸಬೇಡ, ಅಳತೆ ಒಂದೇ ಇರಲಿ. ಮಂಡಿನೋವಿಗೆ ಅಂಗಡಿಯಿಂದ ಡೈಕ್ಲೊಫೆನಾಕ್ ತಂದು ನುಂಗುವುದು ಮಾತ್ರ ಖಂಡಿತ ಬೇಡ.

ತಲೆಸುತ್ತಿ ಬಿದ್ದರೆ, ಎದೆನೋವು ಬಂದರೆ, ಉಸಿರು ಕಟ್ಟಿದರೆ, ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ ತಕ್ಷಣ 108. ಶುರುವಾದ ಸಮಯ ಬರೆದಿಡು, ಮಾತ್ರೆ ಚೀಟಿ ಜೊತೆಗಿರಲಿ.

ಮಾಮೂಲಿ ಇಸಿಜಿ ಹಿಡಿಯುವುದು ಸುಮಾರು 10 ಸೆಕೆಂಡಿನ ಬಡಿತ ಮಾತ್ರ. ನಿನಗೆ ಧಡಕ್ ಅನ್ನುತ್ತಿರುವಾಗಲೇ ಮಾಡಿಸಿದರೆ ಸಿಗಬಹುದು, ಇಲ್ಲದಿದ್ದರೆ 24 ಗಂಟೆಯೂ ಬಡಿತ ದಾಖಲಿಸುವ ಹೋಲ್ಟರ್ ಅನ್ನೋ ಸಣ್ಣ ಯಂತ್ರವನ್ನು ಮೈಗೆ ಕಟ್ಟಬೇಕಾಗುತ್ತೆ. ಮೈಸೂರಿನ ಜಯದೇವಕ್ಕೆ ಹೋಗುವಾಗ ಅಪ್ಪಾಜಿಯ ಹಳೆ ಇಸಿಜಿಯನ್ನೂ ತಗೊಂಡು ಹೋಗು. ಆ ಕಾಗದದ ಗೆರೆ ದಿನ ಕಳೆದಂತೆ ಮಾಸುತ್ತೆ, ಈಗಲೇ ಜೆರಾಕ್ಸ್ ಮಾಡಿಸಿಡು.

ನಿನ್ನ ಗೆಳೆಯ