90 ದಿನ ಆದಮೇಲೆ ಏನಾಯ್ತು?

ಮಾನ್ಯರೇ,

ನಿಮ್ಮ ಉದ್ಯೋಗ ಪುಟವನ್ನು ತಪ್ಪದೆ ಓದುತ್ತೇನೆ. ಕೆಪಿಎಸ್‌ಸಿ, ಬ್ಯಾಂಕ್ ಪರೀಕ್ಷೆ, ಕೋಡಿಂಗ್ ಎಲ್ಲ ಬರುತ್ತದೆ. ಬಿಕಾಂ, ಬಿಬಿಎ ಮುಗಿಸಿ ಬೆಂಗಳೂರಿಗೆ ಬಂದು ಕನ್ಸಲ್ಟೆನ್ಸಿಯಲ್ಲಿ, ಅಂದರೆ ಬೇರೆ ಕಂಪನಿಗಳಿಗೆ ಜನರನ್ನು ಹುಡುಕಿಕೊಡುವ ಏಜೆನ್ಸಿಯಲ್ಲಿ, ರಿಕ್ರೂಟರ್ ಆಗಿ ಕೂರುವವರ ಬಗ್ಗೆ ಒಂದು ಸಾಲು ಓದಿದ ನೆನಪಿಲ್ಲ. ನಾನೂ ಹಾಗೇ ಹಾಸನದಿಂದ ಬಂದವಳು. ನಾಲ್ಕು ವರ್ಷ ಕನ್ಸಲ್ಟೆನ್ಸಿಯಲ್ಲಿದ್ದೆ, ಈಗ ಒಂದು ಕಂಪನಿಯ ಒಳಗೇ ಅದೇ ಕೆಲಸ. ಇಲ್ಲಿ ಅದಕ್ಕೆ ಟ್ಯಾಲೆಂಟ್ ಅಕ್ವಿಸಿಷನ್ ಅಂತ ದೊಡ್ಡ ಹೆಸರು, ಬಾಯಲ್ಲಿ ಬರೀ ಟಿಎ. ಹಳೇ ಆಫೀಸಿನ ಹುಡುಗರು ಆಗಾಗ ಫೋನ್ ಮಾಡಿ, "ಅಕ್ಕಾ, ಇನ್‌ಹೌಸ್‌ಗೆ ಬರೋದು ಹೇಗೆ?" ಅಂತ ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಕನ್ಸಲ್ಟೆನ್ಸಿಗೆ ದುಡ್ಡು ಬರುವುದು ನಾವು ಕಳಿಸಿದವರು ಕೆಲಸಕ್ಕೆ ಸೇರಿದರೆ. ನಮ್ಮಲ್ಲಿ ವರ್ಷದ ಸಂಬಳದ ಶೇ 8.33 ಇತ್ತು, ಅಂದರೆ ಒಂದು ತಿಂಗಳ ಸಂಬಳ. ಹತ್ತು ಲಕ್ಷದವರನ್ನು ಸೇರಿಸಿದರೆ 83 ಸಾವಿರ ಚಿಲ್ಲರೆ. ಸೇರಿದವರು 90 ದಿನದೊಳಗೆ ಬಿಟ್ಟರೆ ಪುಕ್ಕಟೆ ಇನ್ನೊಬ್ಬರನ್ನು ಹುಡುಕಿಕೊಡಬೇಕು. ಒಂದೇ ರೆಸ್ಯೂಮೆಯನ್ನು ಎರಡು ಕಡೆಯವರು ಕಳಿಸಿದರೆ ಮೊದಲು ಅಪ್‌ಲೋಡ್ ಮಾಡಿದವರದ್ದೇ ಲೆಕ್ಕ. ಊಟಕ್ಕೆ ಎದ್ದುಹೋಗಿ ಬರುವಷ್ಟರಲ್ಲಿ ನಾನು ಹೀಗೆ ಒಂದು ಒಳ್ಳೇ ಪ್ರೊಫೈಲ್ ಕಳೆದುಕೊಂಡಿದ್ದೇನೆ. ಇನ್ನು ಡ್ರಾಪ್‌ಔಟ್, ಅಂದರೆ ಆಫರ್ ಒಪ್ಪಿಕೊಂಡು ಕೊನೆಗೆ ಸೇರದೇ ಹೋಗುವವರ ಕಥೆ ಕೇಳಲೇಬೇಡಿ. ನಮ್ಮ ಐಟಿ ಕಂಪನಿಗಳಲ್ಲಿ ಮೂರು ತಿಂಗಳ ನೋಟಿಸ್ ಪೀರಿಯಡ್ ಮಾಮೂಲು. ಆ ಮೂರು ತಿಂಗಳಲ್ಲಿ ಆಸಾಮಿ ನಮ್ಮ ಆಫರ್ ತೋರಿಸಿ ಇನ್ನೆರಡು ಆಫರ್ ಮಾಡಿಕೊಂಡಿರುತ್ತಾನೆ, ಸೇರಬೇಕಾದ ಸೋಮವಾರ ಬೆಳಿಗ್ಗೆ ನೋಡಿದರೆ ಫೋನ್ ಸ್ವಿಚ್ಡ್ ಆಫ್.

ಇಷ್ಟೆಲ್ಲ ಅನುಭವಿಸಿದವರಿಗೆ ಇನ್‌ಹೌಸ್ ಅಂದರೆ ತವರುಮನೆ ಅನ್ನಿಸುತ್ತದೆ, ಟಾರ್ಗೆಟ್ ಇರೋಲ್ಲ, ಆರಾಮ ಅಂತ. ನನಗೂ ಅನ್ನಿಸಿತ್ತು. ಮೊದಲ ಇಂಟರ್‌ವ್ಯೂನಲ್ಲಿ ವರ್ಷಕ್ಕೆ ಎಷ್ಟು ಕ್ಲೋಷರ್ ಮಾಡಿದೆ, ಅಂದರೆ ಎಷ್ಟು ಜನರನ್ನು ಕೆಲಸಕ್ಕೆ ಸೇರಿಸಿದೆ ಅಂತ ಜಂಬದಿಂದ ಹೇಳಿದೆ. ಎದುರಿಗೆ ಕೂತಿದ್ದ ಮೇಡಂ ಎಲ್ಲ ಬರೆದುಕೊಂಡು, "ಇವರಲ್ಲಿ ಒಂದು ವರ್ಷ ಆದಮೇಲೂ ಎಷ್ಟು ಜನ ಅಲ್ಲೇ ಇದ್ದಾರೆ?" ಅಂದರು. ನನಗೆ ಗೊತ್ತಿರಲಿಲ್ಲ. 90 ದಿನ ದಾಟಿದ ಮೇಲೆ ಯಾರ ಹೆಸರನ್ನೂ ನಾವು ತಿರುಗಿ ನೋಡುತ್ತಿರಲಿಲ್ಲ, ಯಾಕೆ ನೋಡಬೇಕು, ಬಿಲ್ ಆಗಿಹೋಗಿತ್ತಲ್ಲ. ಆ ಕೆಲಸ ನನಗೆ ಸಿಗಲಿಲ್ಲ.

ಒಳಗೆ ಬಂದ ಮೇಲೆ ಆ ಪ್ರಶ್ನೆ ಅರ್ಥವಾಯಿತು. ಇಲ್ಲಿ ನಾನು ಸೇರಿಸಿದ ಮನುಷ್ಯ ದಿನಾ ಕ್ಯಾಂಟೀನ್‌ನಲ್ಲಿ ಎದುರಾಗುತ್ತಾನೆ. "ನೀವು ಹೇಳಿದ ಕೆಲಸವೇ ಬೇರೆ, ಇಲ್ಲಿರೋದೇ ಬೇರೆ" ಅಂತ ಮುಖದ ಮೇಲೇ ಹೇಳುತ್ತಾನೆ. ಮೊದಲು ಕ್ಲೈಂಟ್ ಏನು ಕೇಳಿದರೂ "ಆಯ್ತು ಸಾರ್" ಅಂದು ಫೋನ್ ಇಡುತ್ತಿದ್ದೆ. ಈಗ ಮ್ಯಾನೇಜರ್ ಹತ್ತು ವರ್ಷದ ಅನುಭವವನ್ನು ಐದು ವರ್ಷದ ಸಂಬಳಕ್ಕೆ ಕೇಳಿದಾಗ, ಅದು ಸಿಗೋಲ್ಲ ಅಂತ ಮಾರ್ಕೆಟ್ ಲೆಕ್ಕ ತೋರಿಸಿ ಹೇಳುವುದೇ ನನ್ನ ಕೆಲಸ. ಟಾರ್ಗೆಟ್ ಇಲ್ಲಿಯೂ ಇದೆ, ಹೆಸರು ಬೇರೆ ಅಷ್ಟೇ.

ಇನ್ನೊಂದು ವಿಷಯದಲ್ಲಿ ತುಂಬ ಜನ ಮೋಸ ಹೋಗುತ್ತಾರೆ. ದೊಡ್ಡ ಕಂಪನಿಯ ಕ್ಯಾಂಪಸ್, ಕುತ್ತಿಗೆಗೆ ಅದರದ್ದೇ ಟ್ಯಾಗ್, ಆದರೆ ಆಫರ್ ಲೆಟರ್ ಮೂರನೇ ಏಜೆನ್ಸಿಯದ್ದು. ಆರು ತಿಂಗಳ ಕಾಂಟ್ರ್ಯಾಕ್ಟ್. ಲಿಂಕ್ಡ್‌ಇನ್‌ನಲ್ಲಿ ಏನು ಬೇಕಾದರೂ ಬರೆದುಕೊಳ್ಳಬಹುದು, ಪಿಎಫ್ ಪಾಸ್‌ಬುಕ್‌ನಲ್ಲಿ ಯಾರ ಹೆಸರಿದೆಯೋ ಅವರೇ ನಿಮ್ಮ ಮಾಲೀಕರು. ಕಾಂಟ್ರ್ಯಾಕ್ಟ್ ಕೆಟ್ಟದ್ದು ಅನ್ನುತ್ತಿಲ್ಲ, ನಾನೂ ಆ ಬಾಗಿಲಿಂದಲೇ ಒಳಗೆ ಬಂದದ್ದು. ಗೊತ್ತಿದ್ದು ಬನ್ನಿ. ಪರ್ಮನೆಂಟ್ ಆದರೂ ನೇಮಕಾತಿ ನಿಂತರೆ ಮೊದಲು ಕಣ್ಣು ಬೀಳುವುದು ನಮ್ಮ ಮೇಲೇ. 2022ರ ನವೆಂಬರ್‌ನಲ್ಲಿ ಫೇಸ್‌ಬುಕ್‌ನ ಮಾತೃಸಂಸ್ಥೆ ಮೆಟಾ 11 ಸಾವಿರಕ್ಕೂ ಹೆಚ್ಚು ಜನರನ್ನು ತೆಗೆದಾಗ, ಮುಂದಿನ ವರ್ಷ ಸೇರಿಸಿಕೊಳ್ಳುವುದು ಕಮ್ಮಿ, ಹಾಗಾಗಿ ರಿಕ್ರೂಟಿಂಗ್ ತಂಡಕ್ಕೆ ಜಾಸ್ತಿ ಪೆಟ್ಟು ಅಂತ ಅದರ ಮುಖ್ಯಸ್ಥ ಝುಕರ್‌ಬರ್ಗ್ ಅವರೇ ಬರೆದಿದ್ದರು. ಕನ್ಸಲ್ಟೆನ್ಸಿಯಲ್ಲಾದರೆ ಒಂದು ಕ್ಲೈಂಟ್ ಹೋದರೆ ಇನ್ನೊಂದು ಇರುತ್ತಿತ್ತು, ಅಲ್ವಾ?

ಹೋದ ತಿಂಗಳು ಹೀಗೆ ಫೋನ್ ಮಾಡಿದ ಹುಡುಗಿಗೆ, ಎರಡು ವರ್ಷದಲ್ಲಿ ಸೇರಿಸಿದವರಿಗೆಲ್ಲ ಒಂದೊಂದು ಕರೆ ಮಾಡು ಅಂದೆ. ಸುಮ್ನೆ, ಹೇಗಿದ್ದೀರಿ ಅಂತ. 23 ಜನರಲ್ಲಿ 11 ಜನ ಬಿಟ್ಟಿದ್ದರಂತೆ. ಯಾಕೆ ಬಿಟ್ಟರು ಅಂತ ಒಂದೊಂದಾಗಿ ಬರೆದುಕೊಂಡಿದ್ದಾಳೆ, ಮುಂದಿನ ಗುರುವಾರ ಅವಳ ಇಂಟರ್‌ವ್ಯೂ. ನಿಮ್ಮ ಉದ್ಯೋಗ ಪುಟದವರು ಇಂಥ ನಾಲ್ಕು ಜನರನ್ನು ಮಾತಾಡಿಸಿ ಒಂದು ವಾರ ಬರೆಯಲಿ ಅನ್ನುವುದು ನನ್ನ ಕೋರಿಕೆ.

– ಒಬ್ಬ ಓದುಗಳು, ವಿಜಯನಗರ, ಬೆಂಗಳೂರು