ಸಪ್ಪೆ ಅಂದ ಪುಟ್ಟನಿಗೆ

ಪ್ರೀತಿಯ ಪುಟ್ಟನಿಗೆ ದೊಡ್ಡಮ್ಮನ ಆಶೀರ್ವಾದ.

ನೀನು ರಜೆಗೆ ಸಾಗರಕ್ಕೆ ಬಂದು ಹೋಗಿ ತಿಂಗಳಾಯಿತು. ಅವತ್ತೇ ಒಂದು ಮಾತು ಹೇಳಬೇಕಿತ್ತು. ಎಲ್ಲರೂ ಊಟಕ್ಕೆ ಕೂತಿದ್ದರು ಅಂತ ಸುಮ್ಮನಾದೆ.

ಒಂದೆಲಗದ ತಂಬುಳಿ ಬಡಿಸಿದಾಗ ನೀನು "ಸಪ್ಪೆ" ಅಂದೆ. ನೀರುದೋಸೆಗೆ ಸಾಸ್ ಕೇಳಿದೆ. ಕೊನೆಗೆ ಮೊಸರನ್ನಕ್ಕೂ ನೂಡಲ್ಸ್ ಪ್ಯಾಕೆಟ್ಟಿನ ಮಸಾಲೆ ಉದುರಿಸಿಕೊಂಡೆ. ನಾಲ್ಕು ವರ್ಷದ ಹಿಂದೆ ಇದೇ ತಂಬುಳಿಯನ್ನು ಲೋಟಕ್ಕೆ ಹಾಕಿಸಿಕೊಂಡು ಕುಡಿಯುತ್ತಿದ್ದವನು ನೀನು. ನನಗೆ ಸಿಟ್ಟು ಬರಲಿಲ್ಲ, ಯೋಚನೆಯಾಯಿತು.

ನಿನ್ನ ನಾಲಿಗೆ ಕೆಟ್ಟಿಲ್ಲ ಪುಟ್ಟ. ಜೋರು ರುಚಿಗೆ ಒಗ್ಗಿಹೋಗಿದೆ. ಚಿಪ್ಸು, ಕೋಲಾ, ಗೋಬಿ ಮಂಚೂರಿ ದಿನಾ ಆದರೆ ಉಪ್ಪು, ಸಿಹಿ ಇಷ್ಟಿರಬೇಕು ಅನ್ನುವ ಅಳತೆಯೇ ಮೇಲೇರುತ್ತದೆ. ಆಮೇಲೆ ಅಮ್ಮನ ಸಾರೂ ಸಪ್ಪೆ, ಬಾಳೆಹಣ್ಣೂ ಸಪ್ಪೆ.

ಇದು ನನಗೂ ಆಗಿತ್ತು. ಬಿಪಿ ಬಂದಾಗ ಡಾಕ್ಟರು ಉಪ್ಪು ಕಡಿಮೆ ಮಾಡಿ ಅಂದರು. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಇರಲಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದರೆ ಎಲ್ಲಾ ಸೇರಿ ಒಂದು ಟೀ ಚಮಚದ ಒಳಗೆ. ಮೊದಲ ಎರಡು ವಾರ ಅನ್ನ ಗಂಟಲಲ್ಲಿ ಇಳಿಯಲಿಲ್ಲ. ಮೂರನೇ ತಿಂಗಳಿಗೆ ಮದುವೆಮನೆಯ ಸಾರು ಬಾಯಿಗಿಟ್ಟರೆ ಬರೀ ಉಪ್ಪುಪ್ಪು! ಎಳೆ ಸೌತೆಕಾಯಿಗೆ ಅದರದ್ದೇ ಒಂದು ಸಿಹಿ ಇದೆ ಅಂತ ನನಗೆ ಗೊತ್ತಾದದ್ದು ಆಗಲೇ. ರುಚಿಮೊಗ್ಗುಗಳ ಜೀವಕೋಶಗಳು ಸುಮಾರು ಹತ್ತು ದಿನಕ್ಕೊಮ್ಮೆ ಹೊಸದಾಗುತ್ತವೆ. ಅಭ್ಯಾಸ ಬದಲಾಗಲು ಮಾತ್ರ ಅದಕ್ಕಿಂತ ಜಾಸ್ತಿ ದಿನ ಬೇಕು.

ಬರ್ಲಿನ್‌ನಲ್ಲಿ 6ರಿಂದ 18 ವರ್ಷದ 193 ಮಕ್ಕಳಿಗೆ ರುಚಿ ಗುರುತಿಸುವ ಪರೀಕ್ಷೆ ಮಾಡಿದ್ದರು. 2012ರಲ್ಲಿ ಅದು ಪ್ರಕಟವಾಯಿತು. ತೂಕ ತುಂಬಾ ಜಾಸ್ತಿ ಇದ್ದ ಮಕ್ಕಳು ರುಚಿ ಗುರುತಿಸುವುದರಲ್ಲಿ ಸ್ವಲ್ಪ ಹಿಂದೆ ಬಿದ್ದರು. ಯಾವುದರಿಂದ ಯಾವುದಾಯಿತು ಅಂತ ಅಷ್ಟರಿಂದಲೇ ಹೇಳಲು ಬರುವುದಿಲ್ಲ. ಹಾಗಾಗಿ ಯಾರ ತೂಕದ ಬಗ್ಗೆಯೂ ಆಡಿಕೊಳ್ಳಬೇಡ. ನನಗೆ ಇಷ್ಟವಾದದ್ದು ಇನ್ನೊಂದು ಸಂಗತಿ. ಚಿಕ್ಕ ಮಕ್ಕಳಿಗಿಂತ ದೊಡ್ಡ ಮಕ್ಕಳು ರುಚಿಯನ್ನು ಚೆನ್ನಾಗಿ ಗುರುತಿಸಿದರು. ನಿನ್ನದು ನಾಲಿಗೆ ಚುರುಕಾಗುವ ವಯಸ್ಸು, ಅದನ್ನು ಮಸಾಲೆಯಲ್ಲಿ ಮುಳುಗಿಸಬೇಡ.

ಎಲ್ಲಾ ಒಂದೇ ಸಲ ಬಿಡು ಅನ್ನುವುದಿಲ್ಲ. ಹಾಗೆ ಬಿಟ್ಟವರು ವಾರದಲ್ಲಿ ವಾಪಸ್ ಬರುತ್ತಾರೆ. ನೂಡಲ್ಸಿಗೆ ಅರ್ಧ ಪ್ಯಾಕೆಟ್ ಮಸಾಲೆ ಹಾಕು. ಸಂಜೆ ಹಸಿವಾಗುವ ತನಕ ಕಾಯಿ. ಊಟಕ್ಕೆ ಕೂತಾಗ ಫೋನ್ ಪಕ್ಕದ ಕೋಣೆಯಲ್ಲಿರಲಿ. ಇದೊಂದು ಮಾತನ್ನು ಮಾತ್ರ ದಯವಿಟ್ಟು ನಡೆಸಿಕೊಡು. ಕಣ್ಣು ಪರದೆಯಲ್ಲಿದ್ದರೆ ಬಾಯಲ್ಲಿ ಏನಿದೆ ಅಂತ ಗೊತ್ತಾಗುವುದಾದರೂ ಹೇಗೆ?

ಒಂದು ಪ್ರಯೋಗ ಮಾಡಿ ನೋಡು. ಮೂಗು ಮುಚ್ಚಿಕೊಂಡು ಬೆಲ್ಲದ ಚೂರು ಬಾಯಿಗೆ ಹಾಕಿಕೋ. ಬರೀ ಸಿಹಿ ಅನಿಸುತ್ತದೆ. ಮೂಗು ಬಿಟ್ಟ ಕೂಡಲೇ ಬೆಲ್ಲದ ಪರಿಮಳ ಬರುತ್ತದೆ. ನಾವು ರುಚಿ ಅನ್ನುವುದರಲ್ಲಿ ಮೂಗಿನ ಪಾಲೂ ದೊಡ್ಡದು. ಅದಕ್ಕೇ ಗಬಗಬ ನುಂಗಬೇಡ ಅನ್ನುವುದು.

ಒಮ್ಮೆಲೇ ಯಾವ ರುಚಿಯೂ ಗೊತ್ತಾಗದ ಹಾಗಾದರೆ, ಊಟವೇ ಸೇರದಿದ್ದರೆ, ಮುಚ್ಚಿಡದೆ ಅಮ್ಮನಿಗೆ ಹೇಳು. ಸತುವಿನ ಕೊರತೆಯಿಂದಲೂ ಹಾಗಾಗುತ್ತದೆ. ಡಾಕ್ಟರು ನೋಡಲಿ.

ದೀಪಾವಳಿಗೆ ಬಾ. ಹಿತ್ತಲಿನ ಒಂದೆಲಗ ಕೊಯ್ದು ತಂಬುಳಿ ಮಾಡಿರುತ್ತೇನೆ. ಆಗಲೂ ಸಪ್ಪೆ ಅನಿಸಿದರೆ ಸಪ್ಪೆ ಅಂತಲೇ ಹೇಳು.

ನಿನ್ನ ದೊಡ್ಡಮ್ಮ